ಪ್ಲಾಸ್ಟಿಕ್ ಹುಲ್ಲಿನ ಆಟಗಾರ

ಅಮೆರಿಕದ ಟೊಲೆಡೊ ಫುಟ್‌ಬಾಲ್ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ಕರ್ಟ್ ಮೊಲ್ನಾರನಿಗೆ 'ಪ್ಲಾಸ್ಟಿಕ್ ಮೊಲ್ನಾರ್' ಎಂಬ ಹೆಸರು ಬಿದ್ದು ಏಳು ತಿಂಗಳಾಗಿತ್ತು. ಇಟ್ಟವನು ಗೋಲ್‌ಕೀಪರ್ ಡೆಲ್ರಾಯ್. ಅವನೇನು ಕೆಟ್ಟವನಲ್ಲ, ಬಾಯಿಗೆ ಬೀಗವಿಲ್ಲ ಅಷ್ಟೆ. ಮೊದಲ ವಾರ ಕರ್ಟ್ ನಕ್ಕ. ಎರಡನೇ ವಾರ ನಕ್ಕ ಹಾಗೆ ಮಾಡಿದ. ಆಮೇಲೆ ಅದನ್ನೂ ಬಿಟ್ಟ.

ಹೆಸರು ಸುಮ್ಮನೆ ಬಿದ್ದದ್ದಲ್ಲ. ಮಾರ್ಚಿನಲ್ಲಿ ಪೋರ್ಚುಗಲ್‌ನ ನೂನೋ ವಲಾದರೆಸ್ ಬಂದಿಳಿದಿದ್ದ. ಯುರೋಪಿನಲ್ಲಿ ಗೆಲ್ಲುವುದನ್ನೆಲ್ಲ ಗೆದ್ದು, ಬಲ ಮೊಣಕಾಲಿಗೆ ಮೂರು ಸಲ ಕತ್ತರಿ ಹಾಕಿಸಿಕೊಂಡು, ಮೂವತ್ತೆಂಟನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದಿದ್ದ. ಅಂಥವರು ಹಾಗೆ ಬರುವುದು ಹೊಸದೇನಲ್ಲ. ಅಲ್ಲಿ ಸಂಜೆಯಾದವರಿಗೆ ಇಲ್ಲಿ ಇನ್ನೂ ಒಂದಿಷ್ಟು ಬಿಸಿಲು ಉಳಿದಿರುತ್ತದೆ. ಅವನ ಒಪ್ಪಂದದಲ್ಲಿ ಒಂದು ಸಾಲಿತ್ತು. ನಿಜವಾದ ಹುಲ್ಲಿನ ಮೇಲೆ ಮಾತ್ರ ಆಡುತ್ತಾನೆ, ಮೊಣಕಾಲು ತಡೆಯದ ಕಾರಣ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಲೀಗಿನಲ್ಲಿ ಒಂಬತ್ತು ಊರಿನ ಮೈದಾನಗಳು ಪ್ಲಾಸ್ಟಿಕ್ಕಿನವು. ಆ ಒಂಬತ್ತು ಆಟಕ್ಕೆ ಯಾರಾದರೂ ಬೇಕಲ್ಲ. ಹನ್ನೊಂದು ವರ್ಷದಿಂದ ಅದೇ ಜಾಗದಲ್ಲಿ, ತಂಡದ ನಡು ಮೈದಾನದಲ್ಲಿ ಆಡಿಕೊಂಡು ಬಂದ ಊರಿನ ಹುಡುಗ ಕರ್ಟ್ ಇದ್ದನಲ್ಲ, ಅವನಿಗೇ ಗಂಟು ಬಿತ್ತು. ಹುಲ್ಲಿದ್ದರೆ ವಲಾದರೆಸ್, ಪ್ಲಾಸ್ಟಿಕ್ಕಿದ್ದರೆ ಮೊಲ್ನಾರ್. ಹಬ್ಬದೂಟಕ್ಕೆ ಬೆಳ್ಳಿ ತಟ್ಟೆ, ದಿನದ ಊಟಕ್ಕೆ ಸ್ಟೀಲ್ ತಟ್ಟೆ.

ಬಂದವನು ಮೊದಲ ದಿನವೇ ಕರ್ಟ್‌ನ ಎಂಟನೇ ನಂಬರಿನ ಅಂಗಿ ಕೇಳಿದ. ಹಾಗೆ ಕೇಳಿ ತೆಗೆದುಕೊಂಡವನು ಬಿಟ್ಟುಕೊಟ್ಟವನಿಗೆ ಏನಾದರೊಂದು ಉಡುಗೊರೆ ಕೊಡುವುದು ಈ ದೇಶದ ಆಟಗಾರರ ಪದ್ಧತಿ. ವಲಾದರೆಸ್ ಒಂದು ಭಾರಿ ಕೈಗಡಿಯಾರ ಕೊಟ್ಟ. ಕರ್ಟ್ ಪೆಟ್ಟಿಗೆಯನ್ನು ಬಿಚ್ಚದೆ ಅಪ್ಪನ ಮನೆಯಲ್ಲಿ ಎಸೆದು ಬಂದ. ಅಪ್ಪ ಎರ್ವಿನ್ ಅದನ್ನು ಬಿಚ್ಚಿ ಕೈಗೆ ಕಟ್ಟಿಕೊಂಡವನು ಸ್ನಾನಕ್ಕೂ ಬಿಚ್ಚಲಿಲ್ಲ. ಕಾರಿನ ಗಾಜು ಮಾಡುವ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದ ಹಂಗೇರಿ ಮೂಲದ ಮನುಷ್ಯ, ಮಾತೆತ್ತಿದರೆ ತೋಳು ಮಡಿಸಿ ಟೈಮು ನೋಡುತ್ತಿದ್ದ. "ವಲಾದರೆಸ್‌ದು ಕಣ್ರಯ್ಯಾ," ಎಂದು ಹಂಗೇರಿಯನ್ ಕ್ಲಬ್ಬಿನಲ್ಲಿ ಕೂತ ಗೆಳೆಯರಿಗೆ ಹೇಳುತ್ತಿದ್ದ. ಮಗನ ನಂಬರು ಹೋದದ್ದಕ್ಕೆ ಬಂದದ್ದು ಎಂದು ಮಾತ್ರ ಹೇಳುತ್ತಿರಲಿಲ್ಲ.

ಕರ್ಟ್‌ಗೆ ಹೊಟ್ಟೆ ಉರಿಯುತ್ತಿದ್ದದ್ದು ನಂಬರಿಗಲ್ಲ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡಿದ ಎಂಟು ಆಟಗಳಲ್ಲಿ ತಂಡ ಐದು ಗೆದ್ದಿತ್ತು. ಬೇಸಿಗೆಯಲ್ಲಿ ಆ ಹುಲ್ಲು ಕಾದ ಬಾಣಲೆ. ಅಂಗಾಲು ಸುಟ್ಟು, ಬಿದ್ದಲ್ಲೆಲ್ಲ ತೊಡೆಯ ಚರ್ಮ ಕಿತ್ತು, ಬೂಟಿನ ತುಂಬ ಕಪ್ಪು ರಬ್ಬರ್ ಹರಳು ತುಂಬಿಕೊಂಡು ಅವನು ಆಡಿದ್ದ. ಅತ್ತ ತವರಿನ ಹುಲ್ಲಿನ ಮೇಲೆ ವಲಾದರೆಸ್ ವಿಹಾರ ಹೊರಟವನ ಹಾಗೆ ನಡೆದಾಡಿ, ಆಟಕ್ಕೆರಡು ಸಲ ಯಾರ ಕಣ್ಣಿಗೂ ಬೀಳದ ಸಂದಿಯಲ್ಲಿ ಚೆಂಡು ತೂರಿಸುತ್ತಿದ್ದ. ಜನ ಎದ್ದು ನಿಲ್ಲುತ್ತಿದ್ದರು. ಕರ್ಟ್ ಬೆಂಚಿನಲ್ಲಿ ಕೂತು, ಉಳಿದ ಎಂಬತ್ತೆಂಟು ನಿಮಿಷ ಅವನ ಪಾಲಿನ ಓಟವನ್ನು ಯಾರು ಓಡುತ್ತಿದ್ದಾರೆ ಎಂದು ನೋಡುತ್ತಿದ್ದ. ಅದನ್ನು ನೋಡುತ್ತಿದ್ದವನು ಇಡೀ ಮೈದಾನದಲ್ಲಿ ಅವನೊಬ್ಬನೇ.

ಕರ್ಟ್‌ನ ಒಪ್ಪಂದ ಈ ವರ್ಷಕ್ಕೆ ಮುಗಿಯುತ್ತಿತ್ತು. ವಯಸ್ಸು ಮೂವತ್ತನಾಲ್ಕು. ಚೆಂಡು ಒದೆಯುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ. ಇನ್ನೊಂದೇ ಒಂದು ವರ್ಷ, ಅದಕ್ಕಿಂತ ಹೆಚ್ಚು ಅವನು ಕೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಕೋಚ್ ಹಾಲ್ ಬ್ರೆನರ್ಮನ್ ಅವನನ್ನು ಕೂರಿಸಿಕೊಂಡು, "ನೋಡು ಕರ್ಟ್, ನಾಕೌಟ್ ಆಟದಲ್ಲಿ ಒಂದ್ಸಲ ಗಟ್ಟಿಯಾಗಿ ಆಡಿ ತೋರಿಸು. ಮೇಲಿನೋರ ಹತ್ರ ನಾನು ಮಾತಾಡ್ತೀನಿ. ಬರೀ ಬಾಯಲ್ಲಿ ಹೇಳಿದ್ರೆ ಅವರು ಕೇಳಲ್ಲ," ಎಂದಿದ್ದ. ಬ್ರೆನರ್ಮನ್ ಮಾತು ಕೊಡುವುದು ಕಡಿಮೆ, ಕೊಟ್ಟರೆ ತಪ್ಪುವವನಲ್ಲ.

ಅಕ್ಟೋಬರಿನ ಕೊನೆಯ ಲೀಗ್ ಆಟ ಬಫಲೊದಲ್ಲಿ. ಪ್ಲಾಸ್ಟಿಕ್ ಮೈದಾನ, ಕರ್ಟ್‌ನ ಪಾಳಿ. ಎರಡು ದಿನ ಮುಂಚೆ ಕೋಚ್ ಬೋರ್ಡಿನ ಮೇಲೆ ಲೆಕ್ಕ ಬರೆದ.

"ಸೋತ್ರೆ ಮನೆಗೆ. ಸಮ ಆದ್ರೆ ಐದನೇ ಸ್ಥಾನ, ನಾಕೌಟ್‌ಗೆ ಮೆಂಫಿಸ್‌ಗೆ ಹೋಗ್ಬೇಕು. ಗೆದ್ರೆ ನಾಲ್ಕನೇ ಸ್ಥಾನ, ಮೆಂಫಿಸ್‌ನೋರೇ ನಮ್ಮೂರಿಗೆ ಬರ್ತಾರೆ. ತವರಲ್ಲಿ ನಾಕೌಟ್, ಈ ಕ್ಲಬ್ಬಿಗೆ ಇದೇ ಮೊದಲು. ಅರ್ಥ ಆಯ್ತಾ?"

ಎಲ್ಲರೂ ತಲೆಯಾಡಿಸಿದರು. ಕರ್ಟ್‌ಗೆ ಬೇಡವೆಂದರೂ ಅರ್ಥವಾಯಿತು. ಮೆಂಫಿಸ್ ಮೈದಾನ ಪ್ಲಾಸ್ಟಿಕ್ಕಿನದು. ಟೊಲೆಡೊದ್ದು ಹುಲ್ಲಿನದು. ಅವನು ಬಫಲೊದಲ್ಲಿ ಗೆಲ್ಲಿಸಿಕೊಟ್ಟರೆ ನಾಕೌಟ್ ತವರಿನಲ್ಲಿ, ಅಂದರೆ ವಲಾದರೆಸ್ ಆಡುತ್ತಾನೆ, ತಾನು ಬೆಂಚಿಗೆ. ಸಮ ಮಾಡಿಕೊಂಡರೆ ಮೆಂಫಿಸ್, ತಾನು ಆಡುತ್ತೇನೆ, ಇನ್ನೊಂದು ವರ್ಷ ಸಿಗುತ್ತದೆ. ಥೂ, ಇದೆಂಥ ಯೋಚನೆ ಎಂದು ಅದನ್ನು ತಳ್ಳಿದ. ಅದು ಬಾಗಿಲ ಹೊರಗೆ ಹೋಗಿ ಅಲ್ಲೇ ನಿಂತುಕೊಂಡಿತು.

"ಪ್ಲಾಸ್ಟಿಕ್, ಎಲ್ಲಿ ಕಳೆದುಹೋದೆ?" ಎಂದ ಡೆಲ್ರಾಯ್. "ಗೆಲ್ಸಿಕೊಡಪ್ಪ, ನಿಂಗೆ ನಾಕೌಟ್‌ನಲ್ಲಿ ಒಳ್ಳೇ ಸೀಟು. ಬೆಂಚಿನ ಮೇಲೆ, ಕುಶನ್ ಬೇರೆ."

ಕೋಣೆಯೆಲ್ಲ ನಕ್ಕಿತು. ವಲಾದರೆಸ್ ಮಾತ್ರ ನಗದೆ ಮೊಣಕಾಲಿಗೆ ಎಣ್ಣೆಯಂಥದ್ದೇನನ್ನೋ ತಿಕ್ಕುತ್ತಾ ಕೂತಿದ್ದ.

ಅಪ್ಪ ಬಫಲೊಗೆ ಬಂದಿದ್ದ. ಮೂವರು ಗೆಳೆಯರನ್ನು ಕಾರಿನಲ್ಲಿ ತುಂಬಿಕೊಂಡು, ಸರೋವರದ ದಂಡೆಯ ಹೆದ್ದಾರಿಯಲ್ಲಿ ಐದು ತಾಸು ತಾನೇ ಓಡಿಸಿಕೊಂಡು ಬಂದಿದ್ದ. ತವರಿನಲ್ಲಿ ನಾಕೌಟ್ ಆಗೇ ಆಗುತ್ತದೆಂದು ಇಪ್ಪತ್ತು ಪೌಂಡ್ ಸಾಸೇಜ್ ತಂದು ಫ್ರೀಜರಿನಲ್ಲಿ ತುಂಬಿದ್ದ. ಆ ಆಟಕ್ಕೆ ಮುಂಚೆ ಟೊಲೆಡೊ ಸ್ಟೇಡಿಯಂ ಪಾರ್ಕಿಂಗಿನಲ್ಲಿ ಒಲೆ ಹಚ್ಚಿ, ಸುಟ್ಟು, ಬಂದವರಿಗೆಲ್ಲ ಹಂಚುವ ಯೋಜನೆ. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಒಂದು ತಂಡ ಸೋಲುವುದನ್ನು ನೋಡಿದವನಿಗೆ ಅಷ್ಟು ಆಸೆ ಪಡುವ ಹಕ್ಕಿಲ್ಲವೇ?

ಆಟ ಒಂದಕ್ಕೆ ಒಂದು ಸಮವಾಗಿ ನಿಂತಿತ್ತು. ಎಂಬತ್ತಾರನೇ ನಿಮಿಷ. ಬಲ ಬದಿಯಿಂದ ಬಂದ ಚೆಂಡು ಇಬ್ಬರ ಕಾಲು ದಾಟಿ, ಗೋಲಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಕರ್ಟ್‌ನ ಎಡಗಾಲಿಗೆ ಹೇಳಿ ಕಳುಹಿಸಿದ ಹಾಗೆ ಬಂತು. ಎಡಗಾಲೇ ಅವನ ಕಾಲು. ಕೀಪರ್ ಇನ್ನೊಂದು ಕಂಬದ ಹತ್ತಿರ ಬಿದ್ದಿದ್ದ. ಗೋಲು ತೆರೆದಿತ್ತು. ಅದನ್ನು ಅವನು ನಿದ್ದೆಯಿಂದ ಎಬ್ಬಿಸಿ ಹೇಳಿದರೂ ಹೊಡೆಯುತ್ತಿದ್ದ.

ಬಾಗಿಲ ಹೊರಗೆ ನಿಂತಿದ್ದ ಯೋಚನೆ ಆ ಗಳಿಗೆಯಲ್ಲಿ ಒಳಗೆ ಬಂತು. ಕಾಲು ಏಳುತ್ತಿತ್ತು, ಅವನು ತಡೆದ. ಹೌದು, ಅವನೇ ತಡೆದ. ಚೆಂಡನ್ನು ಒಮ್ಮೆ ಮುಟ್ಟಿ ಬಲಗಾಲಿಗೆ ತಂದುಕೊಂಡ, ಅಷ್ಟರಲ್ಲಿ ಬಫಲೊದ ಇಬ್ಬರು ಮೈಮೇಲೆ ಬಿದ್ದರು, ಅವನು ಅದನ್ನು ಹಿಂದಕ್ಕೆ ತಳ್ಳಿದ. ಅವಕಾಶ ಹೋಯಿತು. ಗೋಲಿನ ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡದ್ದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಕೈಯ ಗಡಿಯಾರ ಬಿಸಿಲಿಗೆ ಹೊಳೆಯಿತು.

ಆಟ ಸಮವಾಗಿ ಮುಗಿಯಿತು.

ಭಾನುವಾರ ಮಧ್ಯಾಹ್ನ ಅಪ್ಪನ ಮನೆಯಲ್ಲಿ ಊಟ. ಮಾಂಸ, ಅಕ್ಕಿ ತುಂಬಿದ ಕೋಸಿನ ಸುರುಳಿ ಮಾಡಿದ್ದ ಅಪ್ಪ. ಅಮ್ಮ ಹೋದ ಮೇಲೆ ಕಲಿತದ್ದು, ಉಪ್ಪು ಯಾವತ್ತೂ ಒಂದು ಕೈ ಮುಂದೆ. ಕರ್ಟ್ ತಲೆ ತಗ್ಗಿಸಿ ತಿನ್ನುತ್ತಿದ್ದ. ಬೈದುಬಿಡಲಿ, ಒಂದು ಕೂಗು ಕೂಗಿಬಿಡಲಿ ಎಂದು ಕಾಯುತ್ತಿದ್ದ. ಅಪ್ಪ ಬೈಯಲಿಲ್ಲ.

"ಎಡಗಾಲಿಗೆ ಬಂದಿತ್ತು ಚೆಂಡು," ಎಂದ ಅಪ್ಪ ಕೊನೆಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಏನಂತಿದೀಯ ಅಪ್ಪ? ಬೇಕೂಂತ ಬಿಟ್ಟೆ ಅಂತಾನಾ?" ಎಂದ ಕರ್ಟ್. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು.

ಅಪ್ಪ ಬೆರಗಾಗಿ ನೋಡಿದ. "ಅಯ್ಯೋ ಹುಚ್ಚಪ್ಪ, ನಾನೆಲ್ಲಿ ಹಾಗಂದೆ? ವಯಸ್ಸು ಕಣೋ. ಕಾರ್ಖಾನೇಲಿ ನಂಗೂ ಹಿಂಗೇ ಆಯ್ತು. ಗಾಜು ಬರೋದು ಕಾಣ್ತಿತ್ತು, ಕೈ ಏಳ್ತಿರಲಿಲ್ಲ. ಅದಕ್ಕೆ ಯಾರೇನ್ ಮಾಡೋಕಾಗುತ್ತೆ? ತಿನ್ನು."

"ನಿನ್ನ ಕ್ಲಬ್ ಗೆಳೆಯರು ಏನಂದ್ರು?"

"ಅವರಿಗೇನು, ಬಾಯಿಗೆ ಬಂದಂಗೆ ಮಾತಾಡ್ತಾರೆ. ಮೊಲ್ನಾರ್ ಮಗ ಮುಗಿದ ಅಂದ ಒಬ್ಬ. ಜಗಳ ಆಡ್ಬಿಟ್ಟು ಬಂದೆ." ಅಪ್ಪ ಇನ್ನೊಂದು ಸುರುಳಿ ಅವನ ತಟ್ಟೆಗೆ ಹಾಕಿದ. "ಸಾಸೇಜ್ ಇನ್ನೊಂದು ವರ್ಷ ಕೆಡಲ್ಲ ಬಿಡು. ನೀನು ಮೆಂಫಿಸ್‌ನಲ್ಲಿ ಆಡಿ ತೋರ್ಸು ಅವರಿಗೆ."

ಮೆಂಫಿಸ್‌ನಲ್ಲಿ ತೋರಿಸುತ್ತೇನೆ ಎಂದುಕೊಂಡು ಕರ್ಟ್ ನೀರು ಕುಡಿದ. ಅಲ್ಲಿ ಎರಡು ಗೋಲು ಹೊಡೆಯುತ್ತೇನೆ, ಸತ್ತು ಬೀಳುವ ತನಕ ಓಡುತ್ತೇನೆ, ಎಲ್ಲದಕ್ಕೂ ಲೆಕ್ಕ ಸರಿಹೋಗುತ್ತದೆ. ತಪ್ಪು ಮಾಡಿದವರೆಲ್ಲ ಹೀಗೊಂದು ಲೆಕ್ಕ ಹಾಕಿಕೊಂಡೇ ಮಲಗುವುದು.

ಮಂಗಳವಾರ ಅಭ್ಯಾಸ ಮುಗಿಸಿ ಬೂಟು ಬಿಚ್ಚುತ್ತಿದ್ದವನನ್ನು ಕೋಚ್ ತನ್ನ ಕೋಣೆಗೆ ಕರೆದ. ಬಾಗಿಲು ಹಾಕಿದ. ಒಳ್ಳೆಯ ಸುದ್ದಿಗೆ ಬ್ರೆನರ್ಮನ್ ಬಾಗಿಲು ಹಾಕುವುದಿಲ್ಲ.

"ಮೆಂಫಿಸ್‌ನೋರು ಹುಲ್ಲು ಹಾಕಿಸ್ತಿದಾರೆ," ಎಂದ ಕೋಚ್.

"ಏನು?"

"ನಿಜವಾದ ಹುಲ್ಲು. ಲಾರಿಗಳಲ್ಲಿ ಸುರುಳಿ ಸುತ್ತಿ ತರ್ತಾರಂತೆ. ಪ್ಲಾಸ್ಟಿಕ್ ಮೇಲೇನೇ ಚಾಪೆ ಥರ ಹಾಸಿಬಿಡೋದು. ಶುಕ್ರವಾರದ ಹೊತ್ತಿಗೆ ಮುಗಿಯುತ್ತಂತೆ."

"ನಾಕೌಟ್ ಅವರ ಊರಲ್ಲಿ. ಪ್ಲಾಸ್ಟಿಕ್ ಮೇಲೆ ಆಡಿದ್ರೆ ಅವರಿಗೇ ಅಲ್ವಾ ಲಾಭ? ವಲಾದರೆಸ್ ಬರಲ್ಲ ಅಂತ ಗೊತ್ತು ಅವರಿಗೆ."

"ಅದಕ್ಕೇ ಹಾಕಿಸ್ತಿರೋದು." ಕೋಚ್ ಕಣ್ಣು ಉಜ್ಜಿಕೊಂಡ. "ಅರವತ್ತು ಸಾವಿರ ಸೀಟು ಅವರದು. ನಮ್ಮ ಮುಖ ನೋಡೋಕೆ ಯಾರು ಬರ್ತಾರೆ ಕರ್ಟ್? ಅವನನ್ನ ನೋಡೋಕೆ ಬರ್ತಾರೆ. ಇವತ್ತು ಬೆಳಗ್ಗೆ ಹುಲ್ಲಿನ ಸುದ್ದಿ ಬಿಟ್ರು, ಎರಡು ತಾಸಿಗೆ ಟಿಕೆಟ್ ಖಾಲಿ."

ಯುರೋಪಿನ ದೊಡ್ಡ ತಂಡಗಳು ಬೇಸಿಗೆಯಲ್ಲಿ ಪ್ರದರ್ಶನದ ಆಟಕ್ಕೆ ಬಂದಾಗ ಇಲ್ಲಿ ಹೀಗೆ ಹುಲ್ಲು ಹಾಸುವುದುಂಟು. ಕರ್ಟ್‌ಗೆ ಗೊತ್ತಿತ್ತು. ಮೂರು ದಿನಕ್ಕೆ ಹಾಸಿ ಆಮೇಲೆ ಸುತ್ತಿ ಬಿಸಾಡುತ್ತಾರೆ. ಹನ್ನೊಂದು ವರ್ಷದಲ್ಲಿ ಇವನ ಕಾಲಿಗಾಗಿ ಒಂದು ಹಿಡಿ ಹುಲ್ಲನ್ನೂ ಯಾರೂ ಹಾಸಿರಲಿಲ್ಲ. ಎದುರಾಳಿ ತಂಡದವನ ಮೊಣಕಾಲಿಗಾಗಿ ಇಡೀ ಮೈದಾನವನ್ನೇ ಹಾಸಬಹುದೆಂದು ಅವನ ತಲೆಗೆ ಹೊಳೆದಿರಲೇ ಇಲ್ಲ.

"ಹಾಗಾದ್ರೆ ನಾನು ಬೆಂಚಿಗೆ."

"ಬೆಂಚಿಗೆ."

"ನೀವು ಮಾತು ಕೊಟ್ಟಿದ್ರಿ ಕೋಚ್. ನಾಕೌಟ್‌ನಲ್ಲಿ ಆಡಿ ತೋರ್ಸು ಅಂದ್ರಿ. ಪ್ಲಾಸ್ಟಿಕ್ ಮೇಲೆ ಐದು ಆಟ ಯಾರು ಗೆಲ್ಸಿದ್ದು? ಅವನಾ? ಅವನು ಹೋಟೆಲ್‌ನಲ್ಲಿ ಕೂತು ಟಿವಿ ನೋಡ್ತಿದ್ದ. ನಾವು ಇಲ್ಲಿ ತನಕ ಬಂದಿದ್ದು ಯಾರ ತೊಡೆ ಚರ್ಮ ಕಿತ್ತು? ಹೊಳೆ ದಾಟಿದ್ಮೇಲೆ ಅಂಬಿಗ ಬೇಡ ಅಲ್ವಾ?"

ಕೋಚ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅವನು ಆಡದೇ ಇದ್ರೂ ನಾನು ನಿನ್ನ ಹಾಕ್ತಿದ್ನೋ ಇಲ್ವೋ ಕರ್ಟ್. ನಿಜ ಹೇಳ್ಬಿಡ್ತೀನಿ. ಬಫಲೊದಲ್ಲಿ ಆ ಚೆಂಡು ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡ್ದೆ. ಹೋದ ವರ್ಷದ ಕರ್ಟ್ ಆಗಿದ್ರೆ ಯೋಚ್ನೇನೇ ಮಾಡ್ತಿರಲಿಲ್ಲ, ಬಲೆ ಹರಿದುಹಾಕ್ತಿದ್ದ. ಕಾಲು ಏಳ್ಲಿಲ್ಲ ನಿಂದು. ಮೇಲಿನೋರೂ ನೋಡಿದಾರೆ. ನಾನೇನಂತ ಹೇಳ್ಲಿ ಅವರಿಗೆ?"

ಕರ್ಟ್ ಬಾಯಿ ತೆರೆದ. ಕಾಲು ಎದ್ದಿತ್ತು, ಕೋಚ್. ನನ್ನ ಕಾಲು ಚೆನ್ನಾಗಿದೆ. ನಾನೇ ಇಳಿಸಿದೆ. ಅಷ್ಟು ಹೇಳಿದರೆ ಮುದುಕ ಎಂಬ ಮಾತು ತಪ್ಪುತ್ತಿತ್ತು. ಅದರ ಬದಲು ಬರುವ ಮಾತು ಯಾವುದೆಂದು ನೆನೆದು ಬಾಯಿ ಮುಚ್ಚಿದ. ಅತ್ತ ದರಿ, ಇತ್ತ ಪುಲಿ. ಮೇಜಿನ ಮೇಲೆ ಕೋಚ್‌ನ ತಣ್ಣಗಾದ ಕಾಫಿ ಇತ್ತು, ಅದನ್ನೇ ನೋಡುತ್ತ ನಿಂತ.

"ಹೋಗು, ಕಾಲಿಗೆ ಐಸ್ ಇಟ್ಕೋ," ಎಂದ ಕೋಚ್, ಮೆತ್ತಗೆ.

ಮೆಂಫಿಸ್‌ನಲ್ಲಿ ಅರವತ್ತು ಸಾವಿರ ಸೀಟೂ ತುಂಬಿತ್ತು. ಎದುರಾಳಿ ಊರಿನ ಜನವೇ ಎಂಟನೇ ನಂಬರಿನ ಅಂಗಿ ಹಾಕಿಕೊಂಡು ಬಂದಿದ್ದರು. ಹಾಸಿದ ಹುಲ್ಲು ಇನ್ನೂ ಬೇರು ಹಿಡಿದಿರಲಿಲ್ಲ. ಚಾಪೆಯ ಅಂಚುಗಳು ಅಲ್ಲಲ್ಲಿ ಎದ್ದು, ಓಡಿದವರ ಕಾಲ ಕೆಳಗೆ ಜಾರುತ್ತಿದ್ದವು. ವಲಾದರೆಸ್ ಮೊದಲ ಅರ್ಧ ಗಂಟೆಯಲ್ಲಿ ಎರಡು ಸಲ ಚೆಂಡು ತೂರಿಸಿ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ಮೆಂಫಿಸ್‌ನವರು ಅವನ ಸುತ್ತ ಓಡತೊಡಗಿದರು. ಬೆಂಚಿನಲ್ಲಿ ಕೂತ ಕರ್ಟ್‌ಗೆ ಆ ಖಾಲಿ ಬಿದ್ದ ಜಾಗಗಳೆಲ್ಲ ಕಾಣುತ್ತಿದ್ದವು. ಅಲ್ಲಿಗೆ ಓಡಬೇಕು, ಅಲ್ಲಿ ತಡೆಯಬೇಕು ಎಂದು ಕೂತಲ್ಲೇ ಕಾಲು ಅದುರುತ್ತಿದ್ದವು. ಟೊಲೆಡೊ ಎರಡು ಗೋಲು ತಿಂದಿತು.

ಎಪ್ಪತ್ತನೇ ನಿಮಿಷಕ್ಕೆ ವಲಾದರೆಸ್ ಕುಂಟುತ್ತ ಹೊರಬಂದ. ಕರ್ಟ್ ಎದ್ದು ಮೇಲಂಗಿ ಬಿಚ್ಚಿದ. ಕೋಚ್ ಅವನತ್ತ ನೋಡದೆ ಇನ್ನೊಬ್ಬನನ್ನು ಕಳುಹಿಸಿದ. ಕರ್ಟ್ ಮೇಲಂಗಿಯನ್ನು ಮತ್ತೆ ಹಾಕಿಕೊಂಡು ಕೂತ. ಪಕ್ಕದಲ್ಲಿ ವಲಾದರೆಸ್ ಕೂತು ಮೊಣಕಾಲಿನ ಮೇಲೆ ಐಸಿನ ಚೀಲ ಇಟ್ಟುಕೊಂಡ. ಏಳು ತಿಂಗಳಲ್ಲಿ ಇಬ್ಬರೂ ಹೀಗೆ ಪಕ್ಕದಲ್ಲಿ ಕೂತದ್ದು ಇದೇ ಮೊದಲು.

"ನನ್ನ ಮೇಲೆ ಕೋಪ ಅಲ್ವಾ?" ಎಂದ ವಲಾದರೆಸ್.

"ನಿನ್ನ ಮೇಲೆ ಯಾಕೆ? ಹುಲ್ಲಿನ ಮೇಲೆ."

ವಲಾದರೆಸ್ ನಕ್ಕ. ಆಮೇಲೆ ಮೈದಾನದತ್ತಲೇ ನೋಡುತ್ತ, ದನಿ ತಗ್ಗಿಸಿ ಹೇಳಿದ: "ಬಫಲೊ ಆಟ ನಾನು ನೋಡ್ದೆ. ಎಲ್ಲರೂ ಚೆಂಡು ನೋಡ್ತಿದ್ರು. ನಾನು ನಿನ್ನ ಸೊಂಟ ನೋಡ್ತಿದ್ದೆ. ಸೊಂಟ ತಿರುಗಿತ್ತು, ಕಾಲು ಅರ್ಧಕ್ಕೆ ಎದ್ದಿತ್ತು. ಮುದುಕರ ಕಾಲು ಹಾಗೆ ಏಳಲ್ಲ. ನಂದು ಮುದುಕನ ಕಾಲು, ನಂಗೊತ್ತು."

ಕರ್ಟ್ ಮೇಲಂಗಿಯ ಜಿಪ್ಪನ್ನು ಕತ್ತಿನ ತನಕ ಎಳೆದುಕೊಂಡ.

"ನಿನ್ನ ವಯಸ್ಸಲ್ಲಿ ನಾನೂ ಒಂದ್ಸಲ ಹಾಗೇ ಮಾಡಿದೀನಿ. ನನ್ನ ಜಾಗಕ್ಕೆ ಬಂದವನಿಗೆ ಚೆಂಡು ಕೊಡದೆ ಒಂದು ಇಡೀ ಆಟ ಆಡ್ದೆ. ಸೋತ್ವಿ. ಯಾರಿಗೂ ಗೊತ್ತಾಗ್ಲಿಲ್ಲ." ಐಸಿನ ಚೀಲ ಸರಿಸಿಕೊಂಡ. "ಕೋಚ್ ನಿನ್ನ ತಂಡದಿಂದ ಬಿಡ್ತಾನೆ ಅಂತ ಮಾತು. ಕಾಲು ಹೋಯ್ತು ಅಂತಾನೆ. ನಾನು ಹೇಳ್ಲಾ ಅವನಿಗೆ? ಕರ್ಟ್ ಕಾಲಿಗೇನೂ ಆಗಿಲ್ಲ, ಇನ್ನೆರಡು ವರ್ಷ ಓಡ್ತಾನೆ ಅಂತ? ನಾನು ಹೇಳಿದ್ರೆ ಕೇಳ್ತಾನೆ."

ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದ. ಅದೇ ಕರ್ಟ್‌ಗೆ ಸಹಿಸಲಾಗಲಿಲ್ಲ. ಏಳು ತಿಂಗಳು ಇವನನ್ನು ಕೆಟ್ಟವನೆಂದು ನಂಬಿಕೊಂಡೇ ತಾನು ಬೆಂಚಿನ ಮೇಲೆ ಕೂತು ಕಳೆದದ್ದು. ಕಾಲು ಚೆನ್ನಾಗಿದ್ದರೆ ಮತ್ತೆ ಯಾಕೆ ಹೊಡೆಯಲಿಲ್ಲ ಎಂದು ಕೋಚ್ ಕೇಳದೆ ಬಿಡುತ್ತಾನೆಯೇ?

"ಬೇಡ," ಎಂದ ಕರ್ಟ್.

"ಯೋಚ್ನೆ ಮಾಡು."

"ಬೇಡ ಅಂದ್ನಲ್ಲ, ನೂನೋ. ದಮ್ಮಯ್ಯ, ಸುಮ್ನಿರು."

ಟೊಲೆಡೊ ಸೋತು ಊರಿಗೆ ಮರಳಿತು. ಮೆಂಫಿಸ್‌ನವರು ಮರುದಿನವೇ ಹುಲ್ಲನ್ನು ಸುತ್ತಿ ಲಾರಿಗೆ ತುಂಬಿದರಂತೆ.

ಗುರುವಾರ ಬೆಳಗ್ಗೆ ಕೋಚ್ ಒಬ್ಬೊಬ್ಬರನ್ನೇ ಕರೆದು ಮಾತಾಡಿದ. ಕರ್ಟ್‌ನ ಸರದಿ ಹತ್ತು ನಿಮಿಷದಲ್ಲಿ ಮುಗಿಯಿತು. ಹನ್ನೊಂದು ವರ್ಷಕ್ಕೆ ಹತ್ತು ನಿಮಿಷ. ಬ್ರೆನರ್ಮನ್ ಅಪ್ಪಿಕೊಂಡ, ಕಣ್ಣಲ್ಲಿ ನೀರೂ ಬಂತು, ಮುಂದಿನ ವರ್ಷ ತವರಿನ ಮೊದಲ ಆಟಕ್ಕೆ ಕರೆದು ಸನ್ಮಾನ ಮಾಡುತ್ತೇವೆ ಎಂದ. ಕರ್ಟ್ ರಟ್ಟಿನ ಡಬ್ಬಿಯೊಂದರಲ್ಲಿ ಬೂಟು, ಟವೆಲ್ಲು ತುಂಬಿಕೊಂಡ. ಡೆಲ್ರಾಯ್ ಬಾಗಿಲಲ್ಲಿ ನಿಂತಿದ್ದ. "ಹೋಗ್ಬಾ, ಮೊಲ್ನಾರ್," ಎಂದಷ್ಟೇ ಹೇಳಿ ಭುಜ ತಟ್ಟಿದ.

ಪಾರ್ಕಿಂಗಿನಲ್ಲಿ ಅಪ್ಪ ಬಂದು ನಿಂತಿದ್ದ. ಕರೆದಿರಲಿಲ್ಲ, ತಾನೇ ಬಂದಿದ್ದ. ಕಾರಿಗೆ ಒರಗಿ, ತೋಳು ಮಡಿಸಿ ಟೈಮು ನೋಡುತ್ತಿದ್ದ. ಮಗನ ಕೈಯಲ್ಲಿ ಡಬ್ಬಿ ಕಂಡು ತೋಳು ಇಳಿಸಿದ.

"ಏನಂದ?"

"ಬೇಡ ಅಂದ."

ಅಪ್ಪ ಡಬ್ಬಿಯನ್ನು ಇಸಿದುಕೊಂಡು ಹಿಂದಿನ ಸೀಟಿನಲ್ಲಿಟ್ಟ. ಬಾಗಿಲು ಹಾಕಿದ. ಆಮೇಲೆ ಕೈಯಿಂದ ಗಡಿಯಾರ ಬಿಚ್ಚಿ, ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಜೇಬಿಗೆ ಹಾಕಿಕೊಂಡ.

"ಕ್ಲಬ್ಬಲ್ಲಿ ಎಲ್ಲರಿಗೂ ಹೇಳಿದೀನಿ," ಎಂದ. "ನನ್ನ ಮಗ ಒಂದು ದಿನಾನೂ ಮೈಗಳ್ಳತನ ಮಾಡಿದೋನಲ್ಲ, ಹನ್ನೊಂದು ವರ್ಷ ಇದ್ದಷ್ಟೂ ಕೊಟ್ಟ, ಕಡೇಲಿ ಕಾಲು ಏಳ್ಲಿಲ್ಲ ಅಂದ್ರೆ ಅದು ಅವನ ತಪ್ಪಲ್ಲ ಅಂತ. ಸರಿ ತಾನೇ ನಾನು ಹೇಳಿದ್ದು?"

ಕರ್ಟ್ ಸ್ಟೇಡಿಯಂ ಗೇಟಿನಾಚೆಯ ಹಸಿರನ್ನು ನೋಡಿದ. ಹುಲ್ಲಿಗೆ ನೀರು ಬಿಡುತ್ತಿದ್ದರು.

"ಹೂಂ ಅಪ್ಪ," ಎಂದ. "ಕಾಲು ಏಳ್ಲಿಲ್ಲ."